ಪದಚರ್ಚೆ: ‘ಬ್ಲೂಟೂತ್ ಆವೃತ್ತಿ’ ಮತ್ತು ‘ಬೆಂಬಲಿಸು’ – ಅರ್ಥ, ಬಳಕೆ, ಬದಲಿ ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಶ್ರವಣಯಂತ್ರ ಬಳಸುವ ಹಿರಿಯರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಫೋನಿಗೆ ಬಂದ ಕರೆ ನೇರವಾಗಿ ಕಿವಿಯಲ್ಲಿನ ಯಂತ್ರದಲ್ಲೇ ಕೇಳಿಸಬೇಕಾದರೆ ಆ ಫೋನಿನಲ್ಲಿರುವ ಬ್ಲೂಟೂತ್ ಎಷ್ಟನೆಯದು, ಅದರಲ್ಲಿ ಏನೇನು ಸಾಧ್ಯ ಎಂದು ಯಂತ್ರ ಕೊಳ್ಳುವ ಮೊದಲೇ ತಿಳಿದಿರಬೇಕು. ಯಂತ್ರಕ್ಕೆ ಕೊಡುವ ಹಣ ಸಣ್ಣದಲ್ಲ. ಹಾಗಾಗಿ ಈ ಭಾಗವನ್ನು ಓದಿದವರು ತಪ್ಪು ತಿಳಿಯಬಾರದು ಎಂಬುದು ನನ್ನ ಕಾಳಜಿ. ಎರಡು ಪದಗಳು ಇಲ್ಲಿ ಅಡ್ಡ ನಿಂತಿವೆ: ‘ಆವೃತ್ತಿ’ ಮತ್ತು ‘ಬೆಂಬಲಿಸು’. ಎರಡೂ ಈಗ ಫೋನುಗಳ ಕನ್ನಡದಲ್ಲಿ ನೆಲೆಯೂರಿರುವ ಪದಗಳೇ. ಆದರೂ ನಿಮ್ಮ ಮುಂದಿಡುವುದಕ್ಕೆ ಕಾರಣವಿದೆ.

‘ಬ್ಲೂಟೂತ್’ ಪದವನ್ನೇ ಕನ್ನಡಕ್ಕೆ ತರುವ ಚರ್ಚೆ ಈ ಎಳೆಯಲ್ಲಿ ಬೇಡ ಎಂದು ವಿನಂತಿ. ಅದು 10ನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರಿನಿಂದ ಬಂದದ್ದು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅಂಕಿತನಾಮ. ಅದನ್ನು ಇದ್ದ ಹಾಗೆ ಬಿಡೋಣ.

ಮೊದಲು ‘ಆವೃತ್ತಿ’. ಪುಸ್ತಕದ ಎರಡನೆಯ ಆವೃತ್ತಿ, ಪತ್ರಿಕೆಯ ಹುಬ್ಬಳ್ಳಿ ಆವೃತ್ತಿ – ಈ ಬಳಕೆ ಎಲ್ಲರಿಗೂ ಗೊತ್ತು. ಮೂಲದಲ್ಲಿ ಅದಕ್ಕೆ ಮರಳಿ ತಿರುಗುವುದು, ಮತ್ತೆ ಮತ್ತೆ ಬರುವುದು ಎಂಬ ಅರ್ಥ. ‘ಪುನರಾವೃತ್ತಿ’ಯಲ್ಲಿ, ತಾಳದ ‘ಆವರ್ತನ’ದಲ್ಲಿ, ರುದ್ರವನ್ನು ಹನ್ನೊಂದು ಆವೃತ್ತಿ ಹೇಳುವುದರಲ್ಲಿ ಆ ಅರ್ಥ ಇನ್ನೂ ಹಸಿಯಾಗಿದೆ. ಮತ್ತೆ ಅಚ್ಚಾದ ಪುಸ್ತಕಕ್ಕೆ ಆವೃತ್ತಿ ಎಂದದ್ದು ಇದರಿಂದಲೇ ಇರಬೇಕು. ಸಾಫ್ಟ್‌ವೇರ್ ಹೊಸದಾದಾಗಲೂ ಅದೇ ಪದ ಹೊಂದಿಕೊಂಡಿತು. ಇಲ್ಲಿಯವರೆಗೆ ತಕರಾರಿಲ್ಲ.

ತೊಡಕು ಶಾಲೆಯ ಕಡೆಯಿಂದ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ‘ಆವೃತ್ತಿ’ ಎಂದರೆ ಇನ್ನೊಂದು ಅರ್ಥವೂ ಇದೆ: ಗಣಿತದ ಆವೃತ್ತಿ ವಿತರಣಾ ಪಟ್ಟಿ, ವಿಜ್ಞಾನದಲ್ಲಿ ಶಬ್ದದ ಆವೃತ್ತಿ, ಅಲೆಯ ಆವೃತ್ತಿ. ಅಂದರೆ ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು, ಹರ್ಟ್ಸ್‌ನಲ್ಲಿ ಅಳೆಯುವಂಥದ್ದು. ಬ್ಲೂಟೂತ್ ರೇಡಿಯೊ ಅಲೆಗಳ ಮೇಲೆ ನಡೆಯುವ ವ್ಯವಸ್ಥೆ. ಅದರ ಅಲೆಗಳ ಆವೃತ್ತಿ 2.4 ಗಿಗಾಹರ್ಟ್ಸ್ ಆಸುಪಾಸು, ಇನ್ನೂ ಖಚಿತವಾಗಿ 2400ರಿಂದ 2483.5 ಮೆಗಾಹರ್ಟ್ಸ್. ಈಗ ‘ನಿಮ್ಮ ಫೋನಿನ ಬ್ಲೂಟೂತ್ ಆವೃತ್ತಿ ಎಷ್ಟು?’ ಎಂದು ಕೇಳಿದರೆ ‘2.4’ ಎಂದು ಉತ್ತರಿಸಿದವರನ್ನು ತಪ್ಪು ಎನ್ನುವುದು ಹೇಗೆ? ಕೆಲವು ಫೋನುಗಳ ವಿವರಪಟ್ಟಿಯಲ್ಲಿ 2.4 ಗಿಗಾಹರ್ಟ್ಸ್ ಎಂದು ಅಚ್ಚಾಗಿಯೂ ಇರುತ್ತದೆ. ಅದರ ಜೊತೆಗೆ 2007ರಲ್ಲಿ ಬ್ಲೂಟೂತ್ 2.1 ಎಂಬುದೂ ಬಂದಿತ್ತು. 2.4 ಎನ್ನುವುದು 2.1ರ ನಂತರದ್ದು, 4.0ಕ್ಕಿಂತ ಹಳೆಯದು ಎಂದು ಓದುಗರು ಊಹಿಸಿಕೊಂಡರೆ ಆಶ್ಚರ್ಯವಿಲ್ಲ. ಒಂದೇ ಸಾಧನದ ಬಗ್ಗೆ, ಒಂದೇ ವಾಕ್ಯದಲ್ಲಿ, ಎರಡೂ ಅರ್ಥಗಳು ಸಲೀಸಾಗಿ ಕೂರುವ ಇಂಥ ಸಂದರ್ಭ ಪುಸ್ತಕಲೋಕದಲ್ಲಿ ಬರುವುದೇ ಇಲ್ಲ.

ಇನ್ನು ಫೋನಿನೊಳಗೆ ಹೋಗೋಣ. ಆಂಡ್ರಾಯ್ಡ್ ಫೋನನ್ನು ಕನ್ನಡಕ್ಕೆ ಹಾಕಿಕೊಂಡು ಬ್ಲೂಟೂತ್ ಎಷ್ಟನೆಯದು ಎಂದು ಹುಡುಕುವವರಿಗೆ ‘ಆವೃತ್ತಿ’ ಒಂದು ಕಡೆ ಸಿಗುವುದಿಲ್ಲ, ಮೂರ್ನಾಲ್ಕು ಕಡೆ ಸಿಗುತ್ತದೆ. ಫೋನ್ ಕುರಿತ ಪುಟದಲ್ಲಿ ಆಂಡ್ರಾಯ್ಡ್ ಆವೃತ್ತಿ ಇರುತ್ತದೆ, ಅದು ಕಾರ್ಯಾಚರಣೆಯ ವ್ಯವಸ್ಥೆಯದು. ಆ್ಯಪ್‌ಗಳ ಪಟ್ಟಿಯಲ್ಲಿ ಸಿಸ್ಟಂ ಆ್ಯಪ್‌ಗಳನ್ನೂ ತೋರಿಸು ಎಂದರೆ ‘ಬ್ಲೂಟೂತ್’ ಹೆಸರಿನದೇ ಒಂದು ಆ್ಯಪ್ ಕಾಣುತ್ತದೆ, ಅದರ ಅಡಿಯಲ್ಲೂ ‘ಆವೃತ್ತಿ’ ಎಂದು ಒಂದು ಅಂಕಿ. ಅಂತರ್ಜಾಲದ ಎಷ್ಟೋ ಸಲಹೆಗಳು ಇದನ್ನೇ ನೋಡಿ ಎನ್ನುತ್ತವೆ. ಆ ಸಲಹೆ ತಪ್ಪು. ಅದು ಆ ಆ್ಯಪಿನ ಅಂಕಿ, ಬಹಳಷ್ಟು ಫೋನುಗಳಲ್ಲಿ ಆಂಡ್ರಾಯ್ಡಿನ ಅಂಕಿಯೇ ಅಲ್ಲಿಯೂ ಇರುತ್ತದೆ. ಅಲ್ಲಿ 13 ಎಂದು ಕಂಡರೆ ಫೋನಿನಲ್ಲಿ ಬ್ಲೂಟೂತ್ 13 ಇದೆ ಎಂದಲ್ಲ. ಅಂಥದ್ದು ಲೋಕದಲ್ಲೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಡೆವಲಪರ್ ಆಯ್ಕೆಗಳ ಪುಟ. ಬಿಲ್ಡ್ ಸಂಖ್ಯೆಯನ್ನು ಏಳು ಸಲ ಒತ್ತಿದರೆ ತೆರೆದುಕೊಳ್ಳುತ್ತದಲ್ಲ, ಅದು. ಅಲ್ಲಿ ‘ಬ್ಲೂಟೂತ್ ಎವಿಆರ್‌ಸಿಪಿ ಆವೃತ್ತಿ’ ಎಂಬ ಸಾಲಿದೆ. ಮುಟ್ಟಿದರೆ 1.3, 1.4, 1.5, 1.6 ಎಂಬ ಆಯ್ಕೆಗಳು ಬರುತ್ತವೆ. ಅದರ ಜೊತೆಗೇ ಸಂದೇಶಗಳಿಗೆ ಸಂಬಂಧಿಸಿದ ‘ಬ್ಲೂಟೂತ್ ಎಂಎಪಿ ಆವೃತ್ತಿ’ ಇದೆ. ನನ್ನ ಕರಡನ್ನು ಓದಿದ ಹಿರಿಯರೊಬ್ಬರು ಈ ಪುಟವನ್ನು ತೆರೆದು, ‘ಹೊಸ ಫೋನು ಅಂದ್ರು, ಆದ್ರೆ ಇದ್ರಲ್ಲಿ ಒಂದೂವರೆ ಮಾತ್ರ ಇದೆಯಲ್ಲಪ್ಪ’ ಎಂದು ನಿಜವಾಗಿಯೂ ನೊಂದುಕೊಂಡು ಕೇಳಿದರು. ಅವರು ಓದಿದ್ದರಲ್ಲಿ ತಪ್ಪಿಲ್ಲ: ಬ್ಲೂಟೂತ್ ಎಂದಿದೆ, ಆವೃತ್ತಿ ಎಂದಿದೆ, 1.5 ಎಂದಿದೆ. ನಡುವಿನ ಆ ಐದಕ್ಷರದ ಗುಂಪು ಮಾತ್ರ ಅವರಿಗೆ ಏನನ್ನೂ ಹೇಳಲಿಲ್ಲ. ಅದು ಹಾಡು ನಿಲ್ಲಿಸುವ, ಮುಂದಕ್ಕೆ ಓಡಿಸುವ ಗುಂಡಿಗಳ ಆಜ್ಞೆಗಳನ್ನು ಇಯರ್‌ಫೋನಿನಿಂದ ಫೋನಿಗೆ ಸಾಗಿಸುವ ಒಂದು ಒಳವ್ಯವಸ್ಥೆಯ ಹೆಸರು. ಅದಕ್ಕೆ ಅದರದೇ ಬೇರೆ ಅಂಕಿ. ಬ್ಲೂಟೂತ್ 5.3 ಇರುವ ಫೋನಿನಲ್ಲೂ ಅಲ್ಲಿ 1.5 ಇರಬಹುದು.

ಐಫೋನಿನಲ್ಲಿ ಅಬೌಟ್ ಪುಟದಲ್ಲಿ ‘ಬ್ಲೂಟೂತ್’ ಎಂಬ ಸಾಲಿನ ಎದುರು ಕಾಣುವ ಅಂಕಿ-ಅಕ್ಷರಗಳ ಜೋಡಿಗಳು ಆ ಫೋನಿನ ವಿಳಾಸ, ಆವೃತ್ತಿಯಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ‘ಎಲ್‌ಎಂಪಿ’ ಎಂದು ಇನ್ನೊಂದು ಅಂಕಿ: 6 ಎಂದಿದ್ದರೆ ಬ್ಲೂಟೂತ್ 4.0, 9 ಎಂದಿದ್ದರೆ 5.0, 12 ಎಂದಿದ್ದರೆ 5.3. ಕೈಪಿಡಿಯಲ್ಲಿ ಲ್ಯಾಪ್‌ಟಾಪಿನ ವಿಷಯ ಬಿಟ್ಟಿದ್ದೇನೆ.

ಹಾಗಾದರೆ ಸರಿಯಾದ ಅಂಕಿ ಸಿಗುವುದೆಲ್ಲಿ? ಫೋನ್ ಕುರಿತ ಪುಟದಿಂದ ಮಾಡೆಲ್ ನಂಬರನ್ನು ಬರೆದುಕೊಂಡು, ತಯಾರಕರ ತಾಣದಲ್ಲಿ ಅದೇ ನಂಬರಿನ ವಿವರಪಟ್ಟಿಯನ್ನು ನೋಡುವುದು ಒಳ್ಳೆಯ ದಾರಿ. ಮಾರಾಟದ ಹೆಸರನ್ನಷ್ಟೇ ನಂಬಬಾರದು, ಒಂದೇ ಹೆಸರಿನ ಫೋನಿಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಚಿಪ್ ಹಾಕಿರುವುದುಂಟು. ಬ್ಲೂಟೂತ್ ಗುಣಮಟ್ಟವನ್ನು ರೂಪಿಸುವ ಬ್ಲೂಟೂತ್ ಸಿಗ್ ಸಂಸ್ಥೆಯ ತಾಣದಲ್ಲಿ ಅರ್ಹತೆ ಪಡೆದ ಸಾಧನಗಳ ಪಟ್ಟಿ ಇದೆ, ಅಲ್ಲಿಯೂ ಹುಡುಕಬಹುದು.

ಈಗ ‘ಆವೃತ್ತಿ’ಗೆ ಬದಲಿ ಪದಗಳು. ‘ಅವತರಣಿಕೆ’ ಚೆನ್ನಾಗಿದೆ, ಆದರೆ ಸಿನಿಮಾದವರು ಅದನ್ನು ತೆಲುಗು ಅವತರಣಿಕೆ, ತಮಿಳು ಅವತರಣಿಕೆ ಎಂದು ಭಾಷೆಗೆ ಕಟ್ಟಿಹಾಕಿದ್ದಾರೆ. ‘ಪೀಳಿಗೆ’, ‘ತಲೆಮಾರು’ ಎರಡೂ 4ಜಿ, 5ಜಿಯ ‘ಜಿ’ಗೆ ಸಲ್ಲಬೇಕಾದವು. ಇಲ್ಲಿ ತಂದರೆ ಬ್ಲೂಟೂತ್ 5 ಮತ್ತು 5ಜಿ ಒಂದೇ ಎಂಬ ಗೊಂದಲ ಹುಟ್ಟುತ್ತದೆ, ಅದು ಈಗಾಗಲೇ ಇದೆ. ‘ಮಾದರಿ’ ಮಾಡೆಲ್‌ಗೆ ಬೇಕು. ಅಂಗಡಿಗಳಲ್ಲಿ ಎಲ್ಲರೂ ಹೇಳುವುದು ‘ವರ್ಷನ್’. ಸದ್ಯಕ್ಕೆ ನನ್ನ ಒಲವು ಪದವನ್ನೇ ಬಿಟ್ಟು ಅಂಕಿಯನ್ನು ಹೆಸರಿಗೆ ಅಂಟಿಸುವ ಕಡೆಗಿದೆ: ‘ನಿಮ್ಮ ಫೋನಿನಲ್ಲಿರುವುದು ಎಷ್ಟನೆಯ ಬ್ಲೂಟೂತ್?’ ‘ಎಷ್ಟನೆಯ’ ಎಂಬ ಮಾತು ನಮ್ಮಲ್ಲಿ ಇರುವಾಗ ಅದನ್ನು ಬಳಸದೆ ಯಾಕೆ ಕೂರಬೇಕು? ಆದರೆ 5.3ಕ್ಕೆ ‘ನೆಯ’ ಹಚ್ಚಿದರೆ ಕಿವಿಗೆ ಒರಟು, ‘5.3ನೆಯ ಬ್ಲೂಟೂತ್’ ಎನ್ನಲಾಗದು. ಪ್ರಶ್ನೆಯಲ್ಲಿ ಮಾತ್ರ ‘ಎಷ್ಟನೆಯ’, ಉತ್ತರದಲ್ಲಿ ಬರಿ ‘ಬ್ಲೂಟೂತ್ 5.3’ ಎಂದು ಇಟ್ಟಿದ್ದೇನೆ. ಇದು ಸರಿ ಹೋಗುತ್ತದೆಯೇ?

ಎರಡನೆಯ ಪದ ‘ಬೆಂಬಲಿಸು’. ನನ್ನ ಮಟ್ಟಿಗೆ ಇದೇ ಹೆಚ್ಚು ಗಂಭೀರವಾದದ್ದು. ‘ಈ ಫೋನ್ ಬ್ಲೂಟೂತ್ 5.3 ಅನ್ನು ಬೆಂಬಲಿಸುತ್ತದೆ’ ಎಂಬ ವಾಕ್ಯವನ್ನು ನಾವೆಲ್ಲ ಓದಿದ್ದೇವೆ. ಬೆಂಗಾವಲು, ಬೆಂಬತ್ತು, ಬೆಂಬಲ, ಮೂರರಲ್ಲೂ ಬೆನ್ನಿದೆ. ಒಬ್ಬರ ಬೆನ್ನಿಗೆ ಇನ್ನೊಬ್ಬರು ಬಲವಾಗಿ ನಿಲ್ಲುವುದು ಬೆಂಬಲ. ಸರ್ಕಾರಕ್ಕೆ ಪಕ್ಷೇತರರ ಬೆಂಬಲ, ರಾಗಿಗೆ ಬೆಂಬಲ ಬೆಲೆ, ಎರಡೂ ಸಹಜವಾಗಿ ಕೇಳುತ್ತವೆ. ಫೋನು 5.3ರ ಬೆನ್ನಿಗೆ ನಿಲ್ಲುವುದು ಎಂದರೇನು? ಕೇಳಿ ಕೇಳಿ ಅಭ್ಯಾಸವಾಗಿದೆ ಎನ್ನಬಹುದು, ಒಪ್ಪುತ್ತೇನೆ. ಆದರೆ ಅಭ್ಯಾಸದ ಹಿಂದೆ ಒಂದು ಅರ್ಥದ ಸಮಸ್ಯೆ ಅಡಗಿದೆ.

ಬ್ಲೂಟೂತಿನ ಅಂಕಿ ಒಂದು ಕಡತದ, ಅಂದರೆ ಬ್ಲೂಟೂತ್ ಹೇಗೆ ಕೆಲಸ ಮಾಡಬೇಕೆಂದು ವಿವರಿಸುವ ದಾಖಲೆಯ ಅಂಕಿ. ಆ ಕಡತದಲ್ಲಿ ಹೇಳಿದ್ದೆಲ್ಲವನ್ನೂ ಪ್ರತಿ ಸಾಧನವೂ ಮಾಡಲೇಬೇಕೆಂಬ ಕಟ್ಟಳೆಯಿಲ್ಲ. ಹಲವು ಅಂಶಗಳು ಐಚ್ಛಿಕ. 2016ರ ಕೊನೆಯಲ್ಲಿ 5.0 ಬಂದಾಗ ‘ಎರಡು ಪಟ್ಟು ವೇಗ, ನಾಲ್ಕು ಪಟ್ಟು ದೂರ’ ಎಂದು ಎಲ್ಲೆಡೆ ಬರೆದರು. ಮರುವರ್ಷದ ಗ್ಯಾಲಕ್ಸಿ ಎಸ್8ರಿಂದ ಶುರುವಾಗಿ ಫೋನುಗಳ ಪೆಟ್ಟಿಗೆಯ ಮೇಲೆ 5.0 ಬರತೊಡಗಿತು. ವಾಸ್ತವದಲ್ಲಿ ಆ ವೇಗ ಮತ್ತು ಆ ದೂರ ಎರಡು ಬೇರೆ ಬೇರೆ ವಿಧಾನಗಳು, ಒಟ್ಟಿಗೆ ಸಿಗುವಂಥವಲ್ಲ. ದೂರ ಹೋಗಬೇಕಾದರೆ ವೇಗ ಸೆಕೆಂಡಿಗೆ 125 ಕಿಲೋಬಿಟ್‌ವರೆಗೂ ಇಳಿಯುತ್ತದೆ. ಎರಡೂ ಐಚ್ಛಿಕ. ಎರಡೂ ಕಡಿಮೆ ವಿದ್ಯುತ್ತಿನ ಎಲ್‌ಇ ಭಾಗಕ್ಕೆ ಸೇರಿದ್ದು, ನಾವು ಸಾಮಾನ್ಯ ಇಯರ್‌ಫೋನಿನಲ್ಲಿ ಹಾಡು ಕೇಳುವುದು ಬಹುಪಾಲು ಇನ್ನೂ ‘ಕ್ಲಾಸಿಕ್’ ಎನ್ನುವ ಹಳೆಯ ಭಾಗದಲ್ಲೇ. ಶ್ರವಣಯಂತ್ರಗಳಿಗೆ ಈಗ ಮುಖ್ಯವಾಗಿರುವ ಎಲ್‌ಇ ಆಡಿಯೊದ, ಅಂದರೆ ಆ ಎಲ್‌ಇ ಭಾಗದಲ್ಲೇ ಧ್ವನಿ ಕಳಿಸುವ ವಿಧಾನದ ಕಥೆಯೂ ಹಾಗೆಯೇ. ಅದಕ್ಕೆ ಬೇಕಾದ ತಳಹದಿ 2020ರ ಆರಂಭದಲ್ಲಿ ಪ್ರಕಟವಾದ 5.2ರಲ್ಲಿ ಬಂತು, ಆಂಡ್ರಾಯ್ಡ್ ಎಲ್‌ಇ ಆಡಿಯೊವನ್ನು ಅಳವಡಿಸಿಕೊಂಡದ್ದು 2022ರ ಆಂಡ್ರಾಯ್ಡ್ 13ರಲ್ಲಿ. ಹಾಗೆಂದು 5.2, 5.3 ಎಂದು ಬರೆದ ಪ್ರತಿ ಫೋನಿನಲ್ಲೂ ಎಲ್‌ಇ ಆಡಿಯೊ ಇರುವುದಿಲ್ಲ. ಇತ್ತ, ಗೂಗಲ್ ರೂಪಿಸಿದ ಆಶಾ ಎಂಬ ವಿಧಾನದಲ್ಲಿ ನಡೆಯುವ ಶ್ರವಣಯಂತ್ರಗಳು 2019ರ ಆಂಡ್ರಾಯ್ಡ್ 10 ಇರುವ, 5.2ಕ್ಕಿಂತ ಹಳೆಯ ಬ್ಲೂಟೂತಿನ ಫೋನುಗಳ ಜೊತೆಗೂ ಕೆಲಸ ಮಾಡಬಲ್ಲವು.

ಅಂದರೆ ಓದುಗರು ಕೇಳಬೇಕಾದ ಪ್ರಶ್ನೆಗಳು ಎರಡು. ಅಂಕಿ ಯಾವುದು? ಮತ್ತು ನನಗೆ ಬೇಕಾದ ಕೆಲಸ ಇದರಲ್ಲಿ ಆಗುತ್ತದೆಯೇ? ‘5.3 ಬೆಂಬಲಿಸುತ್ತದೆ’, ‘ಎಲ್‌ಇ ಆಡಿಯೊ ಬೆಂಬಲಿಸುತ್ತದೆ’ ಎಂದು ಎರಡಕ್ಕೂ ಒಂದೇ ಕ್ರಿಯಾಪದ ಹಾಕಿದರೆ ಒಂದು ಇದ್ದರೆ ಇನ್ನೊಂದೂ ಇದೆ ಎಂಬ ಭಾವನೆ ತಾನಾಗಿ ಬರುತ್ತದೆ.

ಇದಕ್ಕೆ ಆಡುಮಾತಿನಲ್ಲೇ ಪರಿಹಾರವಿದೆ ಎನ್ನಿಸುತ್ತಿದೆ. ಫೋನುಗಳಲ್ಲಿ ಕನ್ನಡ ಅಪರೂಪವಾಗಿದ್ದ ಕಾಲದಲ್ಲಿ ಜನ ಅಂಗಡಿಯಲ್ಲಿ ಕೇಳುತ್ತಿದ್ದದ್ದು ‘ಈ ಫೋನಿಗೆ ಕನ್ನಡ ಬರುತ್ತಾ?’ ಎಂದು. ‘ನನಗೆ ಈಜು ಬರುತ್ತದೆ’, ‘ಅವಳಿಗೆ ತುಳು ಬರುತ್ತದೆ’ ಎನ್ನುವ ಹಾಗೆಯೇ. ಚತುರ್ಥಿ ವಿಭಕ್ತಿಯ ಜೊತೆ ‘ಬರು’ ಸೇರಿದರೆ ಕನ್ನಡದಲ್ಲಿ ಸಾಮರ್ಥ್ಯದ ಅರ್ಥ ಬರುತ್ತದೆ, ಯಾರೂ ವಿವರಿಸಬೇಕಾಗಿಲ್ಲ. ಹಾಗಾಗಿ ಅಂಕಿಗೆ ‘ಇದೆ’, ಸಾಮರ್ಥ್ಯಕ್ಕೆ ‘ಬರುತ್ತದೆ’ ಎಂದು ಬೇರ್ಪಡಿಸಿದರೆ ಹೇಗೆ? ‘ಈ ಫೋನಿನಲ್ಲಿ ಬ್ಲೂಟೂತ್ 5.3 ಇದೆ. ಆದರೆ ಇದಕ್ಕೆ ಎಲ್‌ಇ ಆಡಿಯೊ ಬರುವುದಿಲ್ಲ.’ ಎರಡು ವಾಕ್ಯಗಳ ನಡುವಿನ ‘ಆದರೆ’ ಇಲ್ಲಿ ಅರ್ಥಪೂರ್ಣವಾಗಿದೆ. ಅದೇ ಜಾಗದಲ್ಲಿ ‘ಬೆಂಬಲಿಸುತ್ತದೆ... ಆದರೆ ಬೆಂಬಲಿಸುವುದಿಲ್ಲ’ ಎಂದು ಇಟ್ಟು ಓದಿ ನೋಡಿ. ಇನ್ನು ಎರಡು ಸಾಧನಗಳು ಪರಸ್ಪರ ಕೆಲಸ ಮಾಡುತ್ತವೆಯೇ ಎಂಬುದಕ್ಕೆ ‘ಒಗ್ಗು’ ಚೆನ್ನಾಗಿ ಒಪ್ಪುತ್ತದೆ: ‘ಈ ಶ್ರವಣಯಂತ್ರ ನಿಮ್ಮ ಫೋನಿಗೆ ಒಗ್ಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.’ ಧಾರವಾಡದ ಕಡೆಯವರು ‘ನಡೀತದ’ ಎನ್ನುತ್ತಾರೆ, ಅದೂ ಅಷ್ಟೇ ಚೆನ್ನ. ‘ಹೊಂದಾಣಿಕೆಯಾಗು’ ಎಂಬುದಕ್ಕಿಂತ ಇವೆರಡೂ ನನಗೆ ಇಷ್ಟ.

ಸಾಮರ್ಥ್ಯ ನೋಡಲು ಸಾಧನವೂ ಇದೆ. ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯ ಎನ್‌ಆರ್‌ಎಫ್ ಕನೆಕ್ಟ್ ಎಂಬ ಉಚಿತ ಆ್ಯಪ್ ಆಂಡ್ರಾಯ್ಡ್ ಫೋನಿನ ಬ್ಲೂಟೂತಿಗೆ ಏನೇನು ಬರುತ್ತದೆ ಎಂದು ಸಾಲು ಸಾಲಾಗಿ ಹೌದು-ಇಲ್ಲಗಳಲ್ಲಿ ತೋರಿಸುತ್ತದೆ. ಎರಡು ಪಟ್ಟು ವೇಗದ ಸಾಲಿನಲ್ಲಿ ಹೌದು ಎಂದಿದ್ದರೆ ಅದು 5.0 ಅಥವಾ ಅದರ ನಂತರದ್ದು ಎಂದು ತಿಳಿಯಬಹುದು. ಇಲ್ಲ ಎಂದಿದ್ದರೆ 5.0 ಅಲ್ಲ ಎಂದು ತೀರ್ಮಾನಿಸುವಂತಿಲ್ಲ, ಐಚ್ಛಿಕವಾದದ್ದರಿಂದ.

ಒಂದು ಸಣ್ಣ ಸಂಗತಿ: 5.3ನ್ನು ಓದುವುದು ಹೇಗೆ? ‘ಐದು ದಶಮಾಂಶ ಮೂರು’ ಎಂದರೆ ಅಳತೆಯಂತೆ ಕೇಳುತ್ತದೆ, ಆ ಹಿರಿಯರು 1.5 ಅನ್ನು ‘ಒಂದೂವರೆ’ ಎಂದದ್ದೂ ಹಾಗೆ ಓದಿದ್ದರಿಂದಲೇ. ‘ಐದು ಪಾಯಿಂಟ್ ಮೂರು’ ಎಂದೇ ಕೈಪಿಡಿಯಲ್ಲಿ ಅಕ್ಷರದಲ್ಲಿ ಬರೆದಿದ್ದೇನೆ.

ಬಳಗದವರಲ್ಲಿ ಕೇಳುವುದಿಷ್ಟು. ನಿಮ್ಮ ಜಿಲ್ಲೆಯಲ್ಲಿ ಮೊಬೈಲ್ ಅಂಗಡಿಯವರು, ರಿಪೇರಿ ಮಾಡುವವರು ‘ಸಪೋರ್ಟ್ ಆಗುತ್ತೆ’ ಎಂಬುದನ್ನು ಬಿಟ್ಟು ಬೇರೆ ಏನು ಹೇಳುತ್ತಾರೆ? ಭೌತಶಾಸ್ತ್ರ ಕಲಿಸುವವರು ಈಗ ತರಗತಿಯಲ್ಲಿ ‘ಆವೃತ್ತಿ’ ಎನ್ನುತ್ತೀರೋ ‘ಆವರ್ತನ’ ಎನ್ನುತ್ತೀರೋ? ಆವರ್ತನ ಗಟ್ಟಿಯಾಗಿ ನೆಲೆಸಿದ್ದರೆ ‘ಆವೃತ್ತಿ’ಯನ್ನು ವರ್ಷನ್‌ಗೆ ನಿಶ್ಚಿಂತೆಯಿಂದ ಬಿಟ್ಟುಕೊಡಬಹುದು. ಕೊನೆಯದಾಗಿ, ‘ಫೋನಿಗೆ ಎಲ್‌ಇ ಆಡಿಯೊ ಬರುತ್ತದೆ’ ಎಂಬುದನ್ನು ‘ಮುಂದೆ ಅಪ್‌ಡೇಟಿನಲ್ಲಿ ಬರಲಿದೆ’ ಎಂದು ಯಾರಾದರೂ ತಿಳಿಯುವ ಸಾಧ್ಯತೆ ಇದೆಯೇ? ಇದೆ ಎಂದಾದರೆ ‘ಬರುತ್ತದೆ’ಯನ್ನು ಕೈಬಿಟ್ಟು ಬೇರೆ ಕ್ರಿಯಾಪದ ಹುಡುಕಬೇಕಾಗುತ್ತದೆ, ದಯವಿಟ್ಟು ಸೂಚಿಸಿ.