ಕಿರು – ಕಿತೆ ಯಾಕೆ ತಪ್ಪು? ತಲೆ ಕೆಟ್ಟು ಹೋಗಿದೆ

ಮದ್ದೂರ್‌ವಡೆ: ಮೂರು ದಿನದಿಂದ ಇದೇ ಗೋಳು. ಜಪಾನಿ ಕ್ರಿಯಾಪದದ 'ತೆ' ರೂಪಕ್ಕೆ 'ರು' ತೆಗೆದು 'ತೆ' ಹಾಕಿ ಅಂತ ನಿಯಮ. ತಬೆರು (ತಿನ್ನು) – ತಬೆತೆ, ಸರಿ. ಮಿರು (ನೋಡು) – ಮಿತೆ, ಸರಿ. ಕಿರು – ಕಿತೆ ಮಾತ್ರ ತಪ್ಪಂತೆ! ಡಿಸೆಂಬರ್‌ನಲ್ಲಿ ಎನ್5 (ಜಪಾನಿ ಭಾಷೆಯ ಆರಂಭಿಕ ಮಟ್ಟದ) ಪರೀಕ್ಷೆ, ದುಡ್ಡು ಕಟ್ಟಿ ಆಗಿದೆ. ಯಾರಾದ್ರೂ ಬೇಗ ಹೇಳಿ.

ಫ್ಲಿಕ್‌ರಾಜ: ಕೀಬೋರ್ಡ್ ಸಮಸ್ಯೆ. ನೂರಕ್ಕೆ ನೂರು. ಅದು ಕಿತ್ತೆ ಆಗಬೇಕು, ನಡುವೆ ಚಿಕ್ಕ 'ತ್ಸು' ಇದೆ, ಮುಂದಿನ ಅಕ್ಷರಕ್ಕೆ ಒತ್ತು ಕೊಡುವ ಗುರುತು. 'ಟಿ' ಎರಡು ಸಲ ಒತ್ತಿ.

ಮದ್ದೂರ್‌ವಡೆ: ಕಿತ್ತೆ ಯಾಕಾಗಬೇಕು? ಮಿರು ಮಿತ್ತೆ ಆಗಲ್ಲ ಅಲ್ವಾ?

ಫ್ಲಿಕ್‌ರಾಜ: ಫೋನಾ, ಲ್ಯಾಪ್‌ಟಾಪಾ? ಫೋನಿನಲ್ಲಿ ಫ್ಲಿಕ್ ಕೀಬೋರ್ಡ್ (ಬೆರಳು ಜಾರಿಸಿ ಟೈಪ್ ಮಾಡೋದು) ಇದ್ದರೆ ಮೊದಲು 'ತ್ಸು' ಒತ್ತಿ, ಆಮೇಲೆ ಅದನ್ನು ಚಿಕ್ಕದು ಮಾಡುವ ಗುಂಡಿ ಒತ್ತಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ.

ಹಿರಗಾನ_ಮಾತ್ರ: ಮೊದಲು ಜಪಾನಿಯನ್ನು ಕನ್ನಡ ಅಕ್ಷರದಲ್ಲಿ ಬರೆಯೋದು ನಿಲ್ಲಿಸಿ. ಎಲ್ಲ ರೋಗದ ಮೂಲ ಅದೇ.

ನಗೋಯ_ಕನ್ನಡಿಗ: ಬರೆದರೆ ಏನು ತಪ್ಪು? ನಮಗೆ ಒತ್ತಕ್ಷರ ಇದೆ. ಕತೆ ಬೇರೆ, ಕತ್ತೆ ಬೇರೆ ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು.

ಹಿರಗಾನ_ಮಾತ್ರ: ಒತ್ತಕ್ಷರ ಸರಿ ಸ್ವಾಮಿ, 'ತ್ಸು'ಗೆ ಏನು ಮಾಡ್ತೀರಿ? ಅವರ 'ರು' ಕೂಡ ನಮ್ಮ 'ರು' ಅಲ್ಲ.

ಫ್ಲಿಕ್‌ರಾಜ: ವಿಷಯಕ್ಕೆ ಬನ್ನಿ. ಕೀಬೋರ್ಡ್ ಸೆಟ್ಟಿಂಗ್ ನೋಡಿದ್ರಾ?

ಮದ್ದೂರ್‌ವಡೆ: ಯಾವ ಕೀಬೋರ್ಡು ಸಾರ್? ನಾನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಬರೆದದ್ದು! ಕ್ಲಾಸಿನ ಮೇಡಂ ಕೆಂಪು ಗೆರೆ ಎಳೆದಿದ್ದಾರೆ.

ನಗೋಯ_ಕನ್ನಡಿಗ: ಇದನ್ನ ಮೊದಲೇ ಹೇಳಬಾರದಾ? ಪೂರ್ತಿ ವಾಕ್ಯ ಹಾಕಿ.

ಮದ್ದೂರ್‌ವಡೆ: ಕಮಿ ಓ ಕಿತೆ ಕುದಸೈ. ಕಾಗದ ಕತ್ತರಿಸಿ ಅಂತ.

ನಗೋಯ_ಕನ್ನಡಿಗ: ಸಿಕ್ಕಿತು. ನೀವು ಬರೆದದ್ದು 'ಕಾಗದ ತೊಟ್ಟುಕೊಳ್ಳಿ' ಅಂತ! ಕಿರು ಎರಡಿವೆ. ಬಟ್ಟೆ ತೊಡುವ ಕಿರು ಎರಡನೇ ಗ್ರೂಪು ('ರು' ತೆಗೆದು 'ತೆ' ಹಾಕುವ ಕ್ರಿಯಾಪದಗಳು): ಕಿಮಸು, ಕಿನೈ, ಕಿತೆ. ಕತ್ತರಿಸುವ ಕಿರು ಒಂದನೇ ಗ್ರೂಪು: ಕಿರಿಮಸು, ಕಿರನೈ, ಕಿತ್ತೆ. ಕಂಜಿ (ಚೀನಿ ಮೂಲದ ಅಕ್ಷರ) ಬೇರೆ ಬೇರೆ. ಟೋಕಿಯೊ ಮಾತಿನಲ್ಲಿ ರಾಗವೂ ಬೇರೆ, ಕತ್ತರಿಸುವಾಗ 'ಕಿ' ಮೇಲೆ ಏರು, ತೊಡುವಾಗ 'ರು' ಮೇಲೆ.

'ರು' ಹಿಂದೆ ಇ ಅಥವಾ ಎ ಕಂಡ ಕೂಡಲೇ ಎರಡನೇ ಗ್ರೂಪು ಅಂತ ನಂಬಬೇಡಿ. ಕಎರು (ವಾಪಸ್ ಹೋಗು), ಹಇರು (ಒಳಗೆ ಹೋಗು), ಶಿರು (ತಿಳಿ), ಹಶಿರು (ಓಡು) ಎಲ್ಲ ಒಂದನೇ ಗ್ರೂಪೇ. ಕಎತ್ತೆ, ಹಇತ್ತೆ, ಶಿತ್ತೆ, ಹಶಿತ್ತೆ. ಅನುಮಾನ ಬಂದರೆ 'ಇಲ್ಲ' ಅನ್ನೋ ಅರ್ಥದ 'ನೈ' ಹಚ್ಚಿ ನೋಡಿ. ಕಿರನೈ, ಕಎರನೈ ಥರ 'ರ' ಉಳಿದರೆ ಒತ್ತು ಬರುತ್ತದೆ.

ತೆ ರೂಪ ನಮಗೆ ಹೊಸದೇನಲ್ಲ. ಕಿತ್ತೆ ಮಿರು ಅಂದ್ರೆ ಕತ್ತರಿಸಿ ನೋಡು. ಕಿತ್ತೆ ಓಕು ಅಂದ್ರೆ ಕತ್ತರಿಸಿ ಇಡು. ಇತ್ತೆ ಕಿಮಸು ಅಂದ್ರೆ ನಮ್ಮ 'ಹೋಗಿ ಬರ್ತೀನಿ'. ಇಂಗ್ಲಿಷ್ ಪುಸ್ತಕದವರು ಇದಕ್ಕೆ ನಾಲ್ಕು ಪುಟ ಬರೆಯುತ್ತಾರೆ.

ಸುಮ್ನೆ_ಓದುಗ: 'ಕೂದಲು ಕಿತ್ತೆ' ಅಂತ ನೆನಪಿಟ್ಟುಕೊಳ್ಳಿ. ಕಮಿ ಅಂದ್ರೆ ಕೂದಲೂ ಹೌದು.

ಹಿರಗಾನ_ಮಾತ್ರ: ಅದು ಬೇರೆ ಕಮಿ. ಕಂಜಿ ಹಾಕಿದ್ದರೆ ಈ ಗಲಾಟೆಯೇ ಇರಲಿಲ್ಲ.

ನಗೋಯ_ಕನ್ನಡಿಗ: ನೀವು 'ಹಿರಗಾನ ಮಾತ್ರ' ಅಲ್ವಾ? ಕಂಜಿ ಬೇಡ, ಉಚ್ಚಾರದ ಲಿಪಿ ಸಾಕು ಅನ್ನೋರು?

ಫ್ಲಿಕ್‌ರಾಜ: ನನ್ನ ಅಂಕಿ (Anki) ಆ್ಯಪ್‌ನ ಫ್ಲ್ಯಾಶ್‌ಕಾರ್ಡ್ ಡೆಕ್‌ನಲ್ಲಿ ಒಂದನೇ ಗ್ರೂಪಿಗೆ ನೀಲಿ, ಎರಡನೇದಕ್ಕೆ ಹಸಿರು. 4,200 ಕಾರ್ಡು, ಎಲ್ಲಕ್ಕೂ ಆಡಿಯೋ. ಟೈಪ್ ಮಾಡೋಕೆ ಜಪಾನಿನಿಂದಲೇ ತರಿಸಿದ ಮೆಕ್ಯಾನಿಕಲ್ ಕೀಬೋರ್ಡು, ಕೀಲಿಗಳ ಮೇಲೆ ಕಾನ (ಜಪಾನಿ ಉಚ್ಚಾರದ ಅಕ್ಷರ) ಅಚ್ಚಾಗಿದೆ. ಫೋಟೊ ಹಾಕಲಾ?

ಸುಮ್ನೆ_ಓದುಗ: ಕೀಬೋರ್ಡಿನ ಕೀಲಿಗಳ ಕೆಳಗಿನ ಸ್ವಿಚ್ ಯಾವುದು?

ಮದ್ದೂರ್‌ವಡೆ: ಕಿತ್ತೆ ಅರ್ಥ ಆಯ್ತು, ಥ್ಯಾಂಕ್ಸ್. ಆದರೆ ಕಕು (ಬರೆ) ಕಇತೆ ಆಗುತ್ತೆ, ಇಕು (ಹೋಗು) ಮಾತ್ರ ಇತ್ತೆ ಯಾಕೆ? ಇಇತೆ ಆಗಬೇಕಲ್ವಾ?

ಫ್ಲಿಕ್‌ರಾಜ: ಬ್ರೌನ್ ಸ್ವಿಚ್. ಶಬ್ದ ಕಡಿಮೆ.