ಹನಿ ಬೀಳದ ರಾತ್ರಿ 6 ಮಿ.ಮೀ. ಮಳೆ

ಸುಮಾ ಚಿಕ್ಕಿ: (ಫಾರ್ವರ್ಡ್) “ಮನೆ ಮೇಲಿನ ಹವಾಮಾನ ಯಂತ್ರ ನಂಬಬೇಡಿ! ಒಂದು ಹನಿಯೂ ಬೀಳದ ರಾತ್ರಿ 6 ಮಿ.ಮೀ. ಮಳೆ ತೋರಿಸಿದೆ. ಎಲ್ಲರಿಗೂ ಕಳಿಸಿ.” 📷

ವಿನಾಯಕ: ಯಾರ ಮನೆ ಚಿಕ್ಕಿ? ಯಾವ ತಾರೀಖು? ಮೂಲ ಇಲ್ಲದ್ದನ್ನು ಹಾಕಬೇಡಿ ಅಂತ ಹೋದ ತಿಂಗಳೇ ಹೇಳಿದ್ದೆ.

ಸುಮಾ ಚಿಕ್ಕಿ: ನಾನು ಹಾಕಿದ್ದಕ್ಕೆ ಮಾತ್ರ ಮೂಲ ಬೇಕು ನಿಂಗೆ. ಕಷಾಯದ ಮೆಸೇಜು ಹಾಕಿದ್ದು ಯಾರು ಮಾಣಿ?

ಗಣಪಣ್ಣ ಕಾರವಾರ: ಫೋಟೋ ದೊಡ್ಡದು ಮಾಡಿ ನೋಡಿ. ಪಿವಿಸಿ ಪೈಪು, ಅದಕ್ಕೆ ಪ್ಲಾಸ್ಟಿಕ್ ಟೈ. ಡಬ್ಬಿಯೊಳಗೆ ತಕ್ಕಡಿಯ ಹಾಗೆ ತೂಗುವ ಜೋಡಿ ಬಟ್ಟಲು ಇರ್ತದೆ; 0.2 ಮಿ.ಮೀ. ಮಳೆ ತುಂಬಿದಾಗ ಮಗುಚಿ ಒಂದು ಎಣಿಕೆ. ಗಾಳಿಗೆ ಪೈಪು ನಡುಗಿದರೂ ಮಗುಚ್ತದೆ. 30 ಸಲ ಮಗುಚಿದರೆ 6 ಮಿ.ಮೀ. ತಪ್ಪು ಕಂಬದ್ದು.

ದೊಡ್ಡಪ್ಪ: ಮಳೆ ಅಳೆಯೋದಕ್ಕಿಂತ ಹಿಡಿದಿಡೋದು ಕಲಿಯಿರಿ. ಬೆಟ್ಟದಲ್ಲಿ ಇಂಗುಗುಂಡಿ ತೆಗೆಯೋಣ ಅಂದಾಗ ಒಬ್ಬರೂ ಬರಲಿಲ್ಲ.

ಶುಭಾ: ಅಜ್ಜ ಅಂಗಳದಲ್ಲಿ ಇಟ್ಟಿದ್ದ ಮಳೆ ಡಬ್ಬಿ ನೆನಪಿದ್ಯಾ? ಅಳೆಯೋದು ಬೆಳಿಗ್ಗೆ ಎಂಟೂವರೆ ಅಂದ್ರೆ ಎಂಟೂವರೆ! “ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು” ಅಂತಿದ್ರು. ಡಬ್ಬಿಯ ನೀರು ಅಳೆಯೋ ಆ ಗಾಜಿನ ಜಾಡಿ ಯಾರ ಹತ್ರ ಇದೆ?

ಸುಮಾ ಚಿಕ್ಕಿ: ಪಾಲಾಗುವಾಗ ಕಾಣೆಯಾಯ್ತು. ಕೇಳಬೇಕಾದವರನ್ನ ಕೇಳು.

ದೊಡ್ಡಪ್ಪ: ಸುಮಾ, ನಾನು ತಗೊಂಡಿಲ್ಲ ಅಂತ ಎಷ್ಟು ಸಲ ಹೇಳಲಿ?

ಗಣಪಣ್ಣ ಕಾರವಾರ: ಅಜ್ಜ ಇಟ್ಟ ಜಾಗ ಸರಿಯಿತ್ತು. ಬಾಯಿ ನೆಲದಿಂದ 30 ಸೆಂ.ಮೀ. ಮೇಲೆ, ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ.

ವಿನಾಯಕ: ತೋಟದಲ್ಲಿ ಅಡಿಕೆ ಮರಕ್ಕೇ ಬಿಗಿದರೆ?

ಗಣಪಣ್ಣ ಕಾರವಾರ: ಬೇಡ. ಅಡಿಕೆ ಮರ ಗಾಳಿಗೆ ಪಿವಿಸಿಗಿಂತ ಹೆಚ್ಚು ತೂಗಾಡ್ತದೆ, ಸೋಗೆ ಮಳೆ ತಡೀತದೆ. ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ತಗೊಳ್ಳಿ. ಒಂದೂವರೆ ಅಡಿ ಚೌಕ, ಎರಡಡಿ ಆಳದ ಗುಂಡಿ, 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, ಏಳು ದಿನ ನೀರುಣಿಸಿ, ಆಮೇಲೆ ಯಂತ್ರ. ಎಂಟಡಿಗಿಂತ ಎತ್ತರವಾದರೆ ಸುತ್ತ ಸಮ ಅಂತರದಲ್ಲಿ ಮೂರು ತಂತಿ ಎಳೆದು, ತಿರುಗಿಸಿ ಬಿಗಿಮಾಡುವ ಕೊಂಡಿಯಾದ ಟರ್ನ್‌ಬಕಲ್‌ನಿಂದ ಬಿಗಿಯಿರಿ.

ಪೈಪನ್ನು ಗೋಡೆಗೆ ಬಿಗಿಯೋದಾದರೆ, ಚಿರೆಕಲ್ಲಿನ ಗೋಡೆಗೆ ಆ್ಯಂಕರ್ ಬೋಲ್ಟ್ ಹೊಡೀಲೇಬೇಡಿ. ಬೋಲ್ಟ್ ಒಳಗೆ ಅರಳುವಾಗ ಕಲ್ಲೇ ಪುಡಿಯಾಗಿ ಹಿಡಿತ ಹೋಗ್ತದೆ. ಗೋಡೆ ದಾಟುವಷ್ಟು ಉದ್ದದ ಬೋಲ್ಟ್, ಎರಡೂ ಬದಿಗೆ ಕಬ್ಬಿಣದ ಪಟ್ಟಿ. ಎರಡು ಕ್ಲ್ಯಾಂಪ್ ನಡುವೆ ಒಂದೂವರೆ ಅಡಿಯಾದರೂ ಇರಲಿ. ನಮ್ಮ ಕಾರವಾರದ ಉಪ್ಪುಗಾಳಿಗೆ ಪೈಪು ಹಿಡಿಯುವ ಯು-ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು, 304ಕ್ಕೂ ಚುಕ್ಕೆ ಚುಕ್ಕೆ ತುಕ್ಕು ಬರ್ತದೆ. ಶಿರಸಿಗೆ 304 ಸಾಕು. ಪ್ಲಾಸ್ಟಿಕ್ ಟೈ ಬಿಸಿಲಿಗೆ ಒಣಗಿ ಕಡಿದು ಹೋಗ್ತದೆ.

ಸುಮಾ ಚಿಕ್ಕಿ: ಇಷ್ಟುದ್ದ ಯಾರು ಓದ್ತಾರೆ? ನಾನು ಕಳಿಸಿದ್ದು ಸರಿಯೋ ತಪ್ಪೋ?

ವಿನಾಯಕ: ಬಿಗಿದಾದ ಮೇಲೆ ಸರಿ ಅಳೀತದೆ ಅಂತ ಗೊತ್ತಾಗೋದು ಹೇಗೆ?

ಗಣಪಣ್ಣ ಕಾರವಾರ: ಮೊದಲು ರಸಮಟ್ಟ ಇಡು, ಓರೆಯಾದರೆ ಎಣಿಕೆ ತಪ್ತದೆ. ಡಬ್ಬಿಯ ದುಂಡು ಬಾಯಿ 16 ಸೆಂ.ಮೀ. ಅಗಲವಿದ್ದರೆ 200 ಮಿ.ಲೀ. ನೀರು ಅಂದ್ರೆ 10 ಮಿ.ಮೀ. ಮಳೆ, 50 ಎಣಿಕೆ. ಅರ್ಧ ಗಂಟೆ ಹನಿಹನಿಯಾಗಿ ಬಿಡು. ಒಮ್ಮೆಲೇ ಸುರಿದರೆ ಬಟ್ಟಲು ಮಗುಚುವಷ್ಟರಲ್ಲಿ ನೀರು ದಾಟಿ ಹೋಗಿ ಕಡಿಮೆ ತೋರಿಸ್ತದೆ.

ದೊಡ್ಡಪ್ಪ: ಅಳೆಯೋದಕ್ಕೆ ಅಜ್ಜನ ಜಾಡಿ ಆಗ್ತದಾ? ಅಟ್ಟದಲ್ಲಿ ನೋಡ್ತೇನೆ.

ಗಣಪಣ್ಣ ಕಾರವಾರ: ಆಗೋದಿಲ್ಲ ದೊಡ್ಡಪ್ಪ. ಅದರ ಗೆರೆ ಮಿ.ಮೀ. ಲೆಕ್ಕದ್ದು, ಅಜ್ಜನ ಡಬ್ಬಿಯ ಬಾಯಿಗೆ ಮಾತ್ರ ತಾಳೆಯಾಗ್ತದೆ. ಮಿ.ಲೀ. ಗೆರೆಯ ಜಾಡಿ ಬೇಕು.

ಸುಮಾ ಚಿಕ್ಕಿ: ಅಟ್ಟದಲ್ಲಿದೆ ಅಂತಾಯ್ತಲ್ಲ ಭಾವ.