ಇಲವಾಲದ ಕಡೆ ಮನೆ: ಭೋಗ್ಯಕ್ಕೋ, ಬಾಡಿಗೆಗೋ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಮೈಸೂರಿನ ಒಳಗೆ ಬಾಡಿಗೆ ಜಾಸ್ತಿ ಅಂತ ಹುಣಸೂರು ರಸ್ತೆಯಲ್ಲಿ, ಇಲವಾಲದ ಹತ್ತಿರ ಹಳ್ಳಿಯಲ್ಲಿ ಒಂದು ಮನೆ ನೋಡಿದ್ದೇವೆ. ಹಿತ್ತಲಲ್ಲಿ ಎರಡು ತೆಂಗಿನ ಮರ ಇವೆ, ಅಮ್ಮನಿಗೆ ತುಂಬಾ ಹಿಡಿಸಿದೆ. ಮೊದಲು 7 ಸಾವಿರ ಬಾಡಿಗೆ, 50 ಸಾವಿರ ಅಡ್ವಾನ್ಸ್ ಅಂದಿದ್ದರು. ಈಗ ಯಜಮಾನರು, "ತಿಂಗಳು ತಿಂಗಳು ಬಾಡಿಗೆ ಯಾಕೆ? 5 ಲಕ್ಷ ಕೊಟ್ಟು 3 ವರ್ಷ ಭೋಗ್ಯಕ್ಕೆ ಇರಿ, ಬಿಡುವಾಗ ಪೂರ್ತಿ ವಾಪಸ್" ಅಂತಾರೆ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕಂತೆ. ಅಪ್ಪನ ಪಿ.ಎಫ್. ದುಡ್ಡಿದೆ. ಕೊಡಬಹುದಾ?

ವಕೀಲರ ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಭೋಗ್ಯದ ಪತ್ರಕ್ಕೂ ನೋಂದಣಿ ಬೇಕು. ನೋಟರಿ ಸೀಲು ಅದರ ಜಾಗ ತುಂಬುವುದಿಲ್ಲ. ನಾಳೆ ಜಗಳವಾದರೆ ಆ ಕಾಗದ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಅದಕ್ಕಿಂತ ದೊಡ್ಡ ಭಯ ಬ್ಯಾಂಕಿನದು. ನನ್ನ ಹತ್ತಿರ ಒಬ್ಬ ತಾಯಿ ಬಂದಿದ್ದರು. ಬಾಗಿಲಿಗೆ ಅಂಟಿಸಿದ್ದ ನೋಟಿಸನ್ನು ಕಿತ್ತು ತಂದಿದ್ದರು, ಮೂಲೆಯಲ್ಲಿ ಬಾಗಿಲಿನ ಹಸಿರು ಬಣ್ಣ ಇನ್ನೂ ಅಂಟಿಕೊಂಡಿತ್ತು. ಅವರಿಗೆ ಭೋಗ್ಯಕ್ಕೆ ಕೊಡುವ ಮೊದಲೇ ಮನೆ ಯಜಮಾನರು ಆ ಮನೆಯ ಮೇಲೆ ಬ್ಯಾಂಕ್ ಸಾಲ ತೆಗೆದಿದ್ದರು. ಕಂತು ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆ ವಶಕ್ಕೆ ಪಡೆಯಬಹುದು. ಆ ತಾಯಿ ಕೊಟ್ಟ ಲಕ್ಷಗಳಿಗೆ ಆಮೇಲೆ ಯಜಮಾನರ ಹಿಂದೆ ಅಲೆಯುವುದೊಂದೇ ದಾರಿ.

ಹಾಗಾಗಿ ಎರಡು ಕಾಗದ ಕೇಳಿ. ಒಂದು, ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11. ಪಂಚಾಯ್ತಿ ಲೆಕ್ಕದಲ್ಲಿ ಮನೆ ಯಾರ ಹೆಸರಿಗಿದೆ ಅಂತ ಗೊತ್ತಾಗುತ್ತದೆ. ಹಳ್ಳಿಯಲ್ಲಿ ಎಷ್ಟೋ ಮನೆ ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇರುತ್ತದೆ, ಅಣ್ಣತಮ್ಮಂದಿರ ಭಾಗ ಆಗಿರುವುದಿಲ್ಲ. ಇನ್ನೊಂದು, ಋಣಭಾರ ಪತ್ರ, ಅಂದರೆ ಇ.ಸಿ. ನೋಂದಣಿಯಾದ ಅಡಮಾನ ಅದರಲ್ಲಿ ಬರುತ್ತದೆ. ಪತ್ರ ಒತ್ತೆಯಿಟ್ಟು ತೆಗೆದ ಕೈಸಾಲ ಬರುವುದಿಲ್ಲ, ಅದಕ್ಕೆ ಮೂಲ ಪತ್ರಗಳನ್ನೂ ಕಣ್ಣಾರೆ ನೋಡಿ.

ಪ್ರಶ್ನೆ: ಕೇಳಿದೆ ಮೇಡಂ. ಮೂಲ ಪತ್ರ ಬ್ಯಾಂಕಿನಲ್ಲಿದೆ ಅಂದರು. ಅಮ್ಮ ಆ ಮನೆ ಬಿಡೋಕೆ ಒಪ್ತಿಲ್ಲ.

ಉತ್ತರ: ಹಾಗಾದರೆ ಭೋಗ್ಯದ ಮಾತು ಅಲ್ಲಿಗೇ ಬಿಡಿ, ಬಾಡಿಗೆಗೆ ಹೋಗಿ. ಅಡ್ವಾನ್ಸ್ ಎರಡು ಮೂರು ತಿಂಗಳದ್ದಕ್ಕೆ ಇಳಿಸಲು ಕೇಳಿ. ಬ್ಯಾಂಕು ಬಂದರೂ ಹೋಗುವುದು ಅಷ್ಟೇ, ಅಪ್ಪನ ದುಡ್ಡು ಉಳಿಯುತ್ತದೆ. 11 ತಿಂಗಳ ಕರಾರು ಬರೆಸಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು, ಎಲ್ಲ ಅದರಲ್ಲಿರಲಿ. ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿ.

ಮೀಟರ್ ಬೇರೆ ಇದೆಯಾ ನೋಡಿ. ಮನೆಯ ಎಲ್ಲ ಸ್ವಿಚ್ ಆರಿಸಿ, ಮೀಟರ್ ಇನ್ನೂ ಓಡುತ್ತಿದ್ದರೆ ಪಕ್ಕದ ಮನೆಗೂ ಅದೇ ಲೈನು ಅಂತ ಅನುಮಾನಪಡಬೇಕು. 200 ಯೂನಿಟ್‌ವರೆಗಿನ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ಆದರೆ ಆ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್.ಆರ್. ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು.

ಇನ್ನೊಬ್ಬ ಸದಸ್ಯರು: ನೀರು ಬೋರ್‌ವೆಲ್ಲಿನದಾ? ಅಮ್ಮನ ಕೈಲಿ ಒಂದು ಕ್ಯಾನ್ ತರಿಸಿ ಬೇಳೆ ಬೇಯಿಸಿ ನೋಡಿ. ಗಡಸು ನೀರಾದರೆ ಬೇಳೆ ಬೇಗ ಬೇಯಲ್ಲ.

ಪ್ರಶ್ನೆ ಕೇಳಿದವರು: ಭಾನುವಾರ ಕ್ಯಾನ್ ಹಿಡಿದು ಅಮ್ಮನ ಜೊತೆ ಹೋಗ್ತೀನಿ ಅಣ್ಣ. ಮೇಡಂ, ಕರಾರು ಬರೆಸುವ ಮೊದಲು ನಿಮಗೆ ಒಮ್ಮೆ ತೋರಿಸ್ತೀನಿ.